ಕ್ರೋಶ ಗೊಂಬೆಗೆ ಯಾವ ದಾರ ಒಳ್ಳೆಯದು? ಹತ್ತಿ, ಅಕ್ರಿಲಿಕ್, ಮಿಲ್ಕ್ ಕಾಟನ್, ವೆಲ್ವೆಟ್, ಉಣ್ಣೆ

"ಮೊಲ ಮಾಡೋಣ ಅಂತಿದ್ದೀನಿ, ಯಾವ ದಾರ ತಗೊಳ್ಳಲಿ?"

ಕ್ರೋಶ ಕಲಿಯುತ್ತಿರುವವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಕೇಳುವ ಹೊತ್ತಿಗೆ ಅವರ ಮುಂದೆ ಮೂರು ನಾಲ್ಕು ಬಗೆಯ ಉಂಡೆಗಳು ಇರುತ್ತವೆ. ಹೊಳೆಯುವ ಹತ್ತಿ ದಾರ ಒಂದು. ಅಗ್ಗದ ಅಕ್ರಿಲಿಕ್ ಒಂದು. ಮುಟ್ಟಿದರೆ ಬೆಕ್ಕಿನ ಮರಿಯನ್ನೇ ಮುಟ್ಟಿದ ಹಾಗಿರುವ ವೆಲ್ವೆಟ್ ಇನ್ನೊಂದು. ಮನಸ್ಸು ಆಗಲೇ ವೆಲ್ವೆಟ್ ಕಡೆ ವಾಲಿರುತ್ತದೆ. ನಾನು ಹೂಂ ಅಂದುಬಿಟ್ಟರೆ ಸಾಕು ಅನ್ನುವ ಹಾಗೆ ನೋಡುತ್ತಾರೆ.

ನಾನು ಹೂಂ ಅನ್ನುವುದಿಲ್ಲ. ನನ್ನ ಮೊದಲ ಗೊಂಬೆಯೂ ವೆಲ್ವೆಟ್ ದಾರದ್ದೇ. ಅದೂ ಕಪ್ಪು ಬಣ್ಣದ್ದು. ಕರಡಿ ಆಗಬೇಕಿತ್ತು, ಒಂದು ಕಾಲಿನ ಹಂತದಲ್ಲೇ ನಿಂತುಹೋಯಿತು. ಆ ಕಾಲು ಇನ್ನೂ ನನ್ನ ದಾರದ ಡಬ್ಬಿಯ ತಳದಲ್ಲಿದೆ.

ಮೊದಲಿಗೆ ಒಂದು ಗೊಂದಲ ತೆಗೆದುಬಿಡೋಣ. ನಾವು ಮಾತಿನಲ್ಲಿ ಎಲ್ಲ ದಪ್ಪ ದಾರಕ್ಕೂ "ಉಲ್ಲನ್" ಅಂದುಬಿಡುತ್ತೇವೆ. ಆದರೆ ಹಾಗೆ ಕರೆಯುವ ದಾರದಲ್ಲಿ ಹೆಚ್ಚಿನವಕ್ಕೂ ಕುರಿಗೂ ಯಾವ ಸಂಬಂಧವೂ ಇಲ್ಲ. ಅವು ಅಕ್ರಿಲಿಕ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್ ನೂಲು. ಆದ್ದರಿಂದ ಹೆಸರು ನಂಬಬೇಡಿ, ಉಂಡೆಗೆ ಸುತ್ತಿದ ಲೇಬಲ್ ತಿರುಗಿಸಿ ಓದಿ. ಯಾವ ನೂಲು, ಎಷ್ಟು ಭಾಗ, ಎಷ್ಟು ಗ್ರಾಂ, ಎಷ್ಟು ಮೀಟರ್, ಯಾವ ಅಳತೆಯ ಕಡ್ಡಿ (ಕ್ರೋಶ ಹೆಣೆಯುವ ಕೊಕ್ಕೆ), ಹೇಗೆ ತೊಳೆಯಬೇಕು, ಎಲ್ಲ ಅಲ್ಲೇ ಇರುತ್ತದೆ.

ಆರಿಸುವ ಮೊದಲು ಏನೇನು ನೋಡಬೇಕು

ಶಾಲಿಗೆ ಚೆನ್ನಾಗಿರುವ ದಾರ ಗೊಂಬೆಗೂ ಚೆನ್ನಾಗಿರಬೇಕು ಅಂತೇನಿಲ್ಲ. ಶಾಲು ಮೃದುವಾಗಿ ಇಳಿಬಿದ್ದರೆ ಸಾಕು. ಗೊಂಬೆಯ ಒಳಗೆ ಫೈಬರ್ ತುಂಬುತ್ತೇವೆ, ಅದು ಒಳಗಿನಿಂದ ಹೊರಗೆ ತಳ್ಳುತ್ತಲೇ ಇರುತ್ತದೆ. ಹೆಣಿಗೆ ಆ ಒತ್ತಡ ತಡೆದುಕೊಳ್ಳಬೇಕು. ಈ ಬಗೆಯ ಗೊಂಬೆಗಳಿಗೆ ಜಪಾನಿನಲ್ಲಿ ಅಮಿಗುರುಮಿ ಎಂದು ಹೆಸರು. ಹೆಣೆಯುವುದಕ್ಕೆ ಅಲ್ಲಿ "ಅಮಿ" ಅನ್ನುತ್ತಾರೆ, ತುಂಬಿದ ಗೊಂಬೆಗೆ "ನುಇಗುರುಮಿ" ಅನ್ನುತ್ತಾರೆ. ಎರಡೂ ಸೇರಿ ಈ ಹೆಸರು ಹುಟ್ಟಿದೆ. ಇದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಿಂಗಲ್ ಕ್ರೋಶವೇ, ಅಂದರೆ ಕ್ರೋಶದ ಗಿಡ್ಡನೆಯ ಮೂಲ ಸ್ಟಿಚ್. ಸುತ್ತು ಮುಗಿಸಿ ಜೋಡಿಸದೆ, ಸುರುಳಿಯಾಗಿ ಹೆಣೆಯುತ್ತಾ ಹೋಗುತ್ತೇವೆ.

ಹಾಗಾಗಿ ನಾನು ಮೊದಲು ನೋಡುವುದು ಸ್ಟಿಚ್ ಕಣ್ಣಿಗೆ ಕಾಣುತ್ತದೆಯೇ ಅಂತ. ಗೊಂಬೆ ಅಂದರೆ ಪೂರ್ತಿ ಎಣಿಕೆಯ ಕೆಲಸ. ಶುರುವಿಗೆ ಹಾಕುವ, ಎಳೆದರೆ ಮುಚ್ಚಿಕೊಳ್ಳುವ ಕುಣಿಕೆಗೆ ಮ್ಯಾಜಿಕ್ ರಿಂಗ್ ಅನ್ನುತ್ತಾರೆ. ಅದರಲ್ಲಿ 6 ಸ್ಟಿಚ್, ಮುಂದಿನ ಸುತ್ತಿನಲ್ಲಿ 12, ಆಮೇಲೆ 18, 24, 30, 36. ಪ್ರತಿ ಸುತ್ತಿಗೂ ಆರು ಹೆಚ್ಚು. ಒಂದು ಸ್ಟಿಚ್ ತಪ್ಪಿದರೆ ಆಗಲೇ ಗೊತ್ತಾಗುವುದಿಲ್ಲ. ನಾಲ್ಕು ಸುತ್ತು ಆದ ಮೇಲೆ ತಲೆ ಒಂದು ಕಡೆಗೆ ವಾಲಿರುವುದು ಕಾಣುತ್ತದೆ.

ತಪ್ಪಿದಾಗ ಬಿಚ್ಚಬೇಕಲ್ವಾ? ಅದೇ ಎರಡನೆಯ ಪರೀಕ್ಷೆ. ದಾರ ಬಿಚ್ಚಿಸಿಕೊಂಡು ಮತ್ತೆ ಹೆಣೆಸಿಕೊಳ್ಳುತ್ತದೆಯೇ, ಇಲ್ಲ ಒಂದೇ ಸಲಕ್ಕೆ ಹಾಳಾಗುತ್ತದೆಯೇ? ಮೊದಲ ಗೊಂಬೆ ಮಾಡುವವರಿಗೆ ಇದು ಬೇರೆಲ್ಲದಕ್ಕಿಂತ ದೊಡ್ಡ ವಿಷಯ. ನೀವು ಬಿಚ್ಚುತ್ತೀರಿ. ಎಲ್ಲರೂ ಬಿಚ್ಚುತ್ತಾರೆ.

ಮೂರನೆಯದು ಬಿಗಿ. ಹೆಣಿಗೆಯ ಸಂದಿಯಿಂದ ಬಿಳಿ ಫೈಬರ್ ಇಣುಕಬಾರದು. ಇದಕ್ಕೆ ಲೇಬಲ್ ಮೇಲೆ ಹೇಳಿದ್ದಕ್ಕಿಂತ ಒಂದೆರಡು ಅಳತೆ ಸಣ್ಣ ಕಡ್ಡಿ ಬಳಸುತ್ತಾರೆ. ಲೇಬಲ್ ಮೇಲೆ 4 ಮಿ.ಮೀ. ಅಂತಿದ್ದರೆ ನಾನು 3 ಅಥವಾ 2.5 ಹಿಡಿಯುತ್ತೇನೆ. ದಾರವನ್ನು ಕಡ್ಡಿಯ ಮೇಲಿಂದ ಸುತ್ತದೆ, ಕಡ್ಡಿಯನ್ನೇ ದಾರದ ಮೇಲೆ ತಂದು ಎಳೆದುಕೊಂಡರೆ ಸ್ಟಿಚ್ ವಿ ಆಕಾರದ ಬದಲು ಎಕ್ಸ್ ಆಕಾರದಲ್ಲಿ ಕೂರುತ್ತದೆ. ಹೆಣಿಗೆ ಇನ್ನೂ ಒತ್ತಾಗುತ್ತದೆ. ಇಷ್ಟಾದರೂ ದೊಡ್ಡ ದೊಡ್ಡ ತೂತು ಕಂಡರೆ ದಾರವನ್ನು ಬೈಯುವ ಮೊದಲು ನಿಮ್ಮ ಪ್ಯಾಟರ್ನ್, ಅಂದರೆ ಹೆಣೆಯುವ ಸೂಚನೆ, ನೋಡಿಕೊಳ್ಳಿ. ಅಮೆರಿಕದವರು ಸಿಂಗಲ್ ಕ್ರೋಶ ಅನ್ನುವುದನ್ನೇ ಬ್ರಿಟಿಷರು ಡಬಲ್ ಕ್ರೋಶ ಅನ್ನುತ್ತಾರೆ. ಬ್ರಿಟಿಷ್ ಪ್ಯಾಟರ್ನನ್ನು ಅಮೆರಿಕದ ಲೆಕ್ಕದಲ್ಲಿ ಹೆಣೆದರೆ ಸ್ಟಿಚ್ ಉದ್ದವಾಗಿ, ಗೊಂಬೆ ಜರಡಿ ಆಗುತ್ತದೆ.

ನಾಲ್ಕನೆಯದು, ಗೊಂಬೆ ಯಾರ ಕೈಗೆ ಹೋಗುತ್ತದೆ? ಬಾಯಿಗೆ ಹಾಕಿಕೊಳ್ಳುವ ಮಗುವಿಗೋ, ಎಳೆದಾಡುವ ಐದು ವರ್ಷದವರಿಗೋ, ಶೆಲ್ಫಿನ ಮೇಲೆ ಇಟ್ಟು ನೋಡುವವರಿಗೋ? ಎಷ್ಟು ಸಲ ತೊಳೆಯಬೇಕಾಗುತ್ತದೆ, ದಾರದ ರೋಮ ಉದುರಿದರೆ ನಡೆಯುತ್ತದೆಯೇ, ಎಲ್ಲವೂ ಇದರ ಮೇಲೆ ನಿಂತಿದೆ.

ಕೊನೆಯದಾಗಿ ನಿಮ್ಮ ಕೈ ಮತ್ತು ನಿಮ್ಮ ಖರ್ಚು. ಕೆಲವು ದಾರ ಮಣಿಕಟ್ಟನ್ನು ಬೇಗ ದಣಿಸುತ್ತದೆ. ಖರ್ಚಿನ ಲೆಕ್ಕವನ್ನು ಉಂಡೆಗೆ ಇಷ್ಟು ಅಂತ ಹಾಕಬೇಡಿ, ಒಂದು ಗೊಂಬೆಗೆ ಇಷ್ಟು ಅಂತ ಹಾಕಿ. ಹೀಗೆ ಹೇಳುವುದಕ್ಕೆ ಕಾರಣ ಇದೆ.

ದಪ್ಪದ ಲೆಕ್ಕ ಬೇರೆ

ದಾರ ಯಾವುದರದ್ದು ಅನ್ನುವುದು ಒಂದು ಪ್ರಶ್ನೆ, ಎಷ್ಟು ದಪ್ಪ ಅನ್ನುವುದು ಇನ್ನೊಂದು. ಇವೆರಡನ್ನೂ ಜನ ಬೆರೆಸಿಬಿಡುತ್ತಾರೆ. ಅಮೆರಿಕದ ಕ್ರಾಫ್ಟ್ ಯಾರ್ನ್ ಕೌನ್ಸಿಲ್ ದಪ್ಪಕ್ಕೆ 0ಯಿಂದ 7ರವರೆಗೆ ನಂಬರ್ ಕೊಟ್ಟಿದೆ. 0 ಅಂದರೆ ಲೇಸಿನ ಸಣ್ಣ ನೂಲು, 7 ಅಂದರೆ ಹಗ್ಗದಂಥದ್ದು. ಅನೇಕ ಲೇಬಲ್‌ಗಳ ಮೇಲೆ ಪುಟ್ಟ ಉಂಡೆಯ ಚಿತ್ರದೊಳಗೆ ಈ ನಂಬರ್ ಇರುತ್ತದೆ. ಗೊಂಬೆಗೆ 3 ಮತ್ತು 4 ಹಿತ.

ಗೊಂಬೆಯಲ್ಲಿ ಒಂದು ಅನುಕೂಲ ಇದೆ. ಒಂದೇ ಪ್ಯಾಟರ್ನನ್ನು ಯಾವ ದಪ್ಪದ ದಾರದಲ್ಲಿ ಬೇಕಾದರೂ ಹೆಣೆಯಬಹುದು. ಎಣಿಕೆ ಬದಲಾಗುವುದಿಲ್ಲ, ಗಾತ್ರ ಮಾತ್ರ ಬದಲಾಗುತ್ತದೆ. 36 ಸ್ಟಿಚ್ ಸುತ್ತಿನ ಒಂದು ತಲೆ ನನ್ನ ಕೈಯಲ್ಲಿ 3ನೇ ನಂಬರ್ ದಾರ, 2.5 ಮಿ.ಮೀ. ಕಡ್ಡಿಯಲ್ಲಿ ಸುಮಾರು 6 ಸೆಂ.ಮೀ. ಅಗಲ ಬರುತ್ತದೆ. 4ನೇ ನಂಬರ್ ದಾರ, 3.5 ಮಿ.ಮೀ. ಕಡ್ಡಿಯಲ್ಲಿ 7ರಿಂದ 8. ದಪ್ಪ ವೆಲ್ವೆಟ್, 6 ಮಿ.ಮೀ. ಕಡ್ಡಿಯಲ್ಲಿ 12ರ ಹತ್ತಿರ. ಅಂಗೈಯಲ್ಲಿ ಕೂರುವ ಮೊಲವೇ ತೊಡೆ ಮೇಲೆ ಕೂರುವ ಮೊಲ ಆಯಿತು.

ಆದರೆ ಅಗಲ ಎರಡರಷ್ಟು ಆದರೆ ಒಳಗೆ ತುಂಬುವ ಫೈಬರ್ ಎರಡರಷ್ಟು ಸಾಲದು, ಎಂಟರಷ್ಟು ಬೇಕು. ಉದ್ದ, ಅಗಲ, ಎತ್ತರ ಮೂರೂ ಎರಡರಷ್ಟು ಆಗುತ್ತವಲ್ಲ. ದಾರದ್ದೂ ಅದೇ ಕಥೆ. ಪ್ರತಿ ಸ್ಟಿಚ್ಚಿಗೆ ಎರಡರಷ್ಟು ಉದ್ದ ಬೇಕು, ಆ ದಾರದ ಪ್ರತಿ ಮೀಟರಿನ ತೂಕವೂ ಹೆಚ್ಚು. ಹೀಗಾಗಿ "ಇದು ಬೇಗ ಮುಗಿಯುತ್ತೆ, ಅಗ್ಗ ಆಗುತ್ತೆ" ಅಂತ ದಪ್ಪ ದಾರ ಹಿಡಿದವರು ಅರ್ಧ ಕೆಲಸಕ್ಕೇ ಇನ್ನೊಂದು ಉಂಡೆ ಹುಡುಕಿಕೊಂಡು ಹೋಗುತ್ತಾರೆ.

ಹತ್ತಿ ದಾರ

ಗೊಂಬೆ ಚೆಂದ ಕಾಣಬೇಕು, ಮುಖ ಅಚ್ಚುಕಟ್ಟಾಗಿ ಬರಬೇಕು ಅನ್ನುವವರಿಗೆ ಹತ್ತಿಗೆ ಸಾಟಿ ಇಲ್ಲ. ಹತ್ತಿ ದಾರ ಹಿಗ್ಗುವುದಿಲ್ಲ. ಎಷ್ಟು ಒತ್ತಿ ತುಂಬಿದರೂ ಹೆಣಿಗೆ ಬಾಯಿ ಬಿಡುವುದಿಲ್ಲ, ಕೊಟ್ಟ ಆಕಾರ ಹಾಗೇ ಉಳಿಯುತ್ತದೆ. ಪ್ರತಿ ಸ್ಟಿಚ್ಚೂ ಸ್ಪಷ್ಟವಾಗಿ ಕಾಣುತ್ತದೆ. ಮೂತಿ, ಹುಬ್ಬು, ಮೀಸೆ ಕಸೂತಿ ಹಾಕಿದರೆ ಎಳೆ ಮೇಲೆಯೇ ಕೂರುತ್ತದೆ. ವರ್ಷಗಟ್ಟಲೆ ಕೈಯಾಡಿದರೂ ಮೇಲೆ ಗುಂಡುಗುಂಡಾಗಿ ನೂಲು ಏಳುವುದು ಕಡಿಮೆ. ಇನ್ನೊಂದು ಗುಣ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ: ಹತ್ತಿಯ ನೂಲು ಒದ್ದೆಯಾದಾಗ ಇನ್ನಷ್ಟು ಗಟ್ಟಿ ಆಗುತ್ತದೆ. ಮೇಲಿಂದ ಮೇಲೆ ತೊಳೆಯುವ ಗೊಂಬೆಗೆ ಇದು ಒಳ್ಳೆಯದೇ.

ಹಿಗ್ಗುವುದಿಲ್ಲ ಅನ್ನುವ ಗುಣವೇ ಹೆಣೆಯುವಾಗ ಕಾಟ ಕೊಡುತ್ತದೆ. ಬಿಗಿಯಾಗಿ ಹಾಕಿದ ಸ್ಟಿಚ್ಚಿಗೆ ಸಣ್ಣ ಕಡ್ಡಿ ತೂರಿಸಬೇಕು, ದಾರ ಒಂಚೂರೂ ಬಗ್ಗುವುದಿಲ್ಲ. ಒಂದು ಗಂಟೆ ಹೆಣೆದರೆ ನನ್ನ ಹೆಬ್ಬೆರಳ ಬುಡ ನೋಯಲು ಶುರುವಾಗುತ್ತದೆ. ಕೈ ಬಿಗಿ ಇರುವವರಿಗೆ ಇನ್ನೂ ಜಾಸ್ತಿ. ಸಡಿಲವಾಗಿ ಹೊಸೆದ ಹತ್ತಿ ದಾರವಾದರೆ ಕಡ್ಡಿಯ ತುದಿಗೆ ಎಳೆಗಳು ಬಿಡಿಬಿಡಿಯಾಗಿ ಸಿಕ್ಕಿಕೊಳ್ಳುತ್ತವೆ. ಚೂಪು ತುದಿಯ ಕಡ್ಡಿ ಬಿಟ್ಟು ಸ್ವಲ್ಪ ಗುಂಡಾದ ತುದಿಯದು ಹಿಡಿದರೆ ಈ ತಾಪತ್ರಯ ಕಡಿಮೆ ಆಗುತ್ತದೆ.

ಹೊಳಪಿನ ಹತ್ತಿ ದಾರಕ್ಕೆ ಮರ್ಸಿರೈಸ್ಡ್ ಅಂತ ಲೇಬಲ್ ಇರುತ್ತದೆ. 1844ರಲ್ಲಿ ಜಾನ್ ಮರ್ಸರ್ ಎಂಬ ಇಂಗ್ಲಿಷ್ ರಸಾಯನ ತಜ್ಞ ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಹದಗೊಳಿಸುವ ಉಪಾಯ ಕಂಡುಕೊಂಡ, ಆ ಹೆಸರೇ ನಿಂತಿತು. ಹೀಗೆ ಹದ ಮಾಡಿದ ನೂಲು ಬಣ್ಣ ಚೆನ್ನಾಗಿ ಹೀರುತ್ತದೆ, ನುಣುಪಾಗುತ್ತದೆ, ಗಟ್ಟಿಯಾಗುತ್ತದೆ. ಪುಟ್ಟ ಗೊಂಬೆಗೆ ಇದು ಬಹಳ ಸೊಗಸು. ಒಂದೇ ಎಚ್ಚರಿಕೆ: ನುಣುಪಾದ ದಾರದ ತುದಿ ಜಾರಿ ಹೊರಬರುತ್ತದೆ. ಕತ್ತರಿಸುವಾಗ ಉದ್ದ ತುದಿ ಬಿಡಿ, ಎರಡು ಮೂರು ದಿಕ್ಕಿಗೆ ತಿರುಗಿಸಿ ಒಳಗೆ ಸೇರಿಸಿ.

ಬಣ್ಣದ್ದೂ ಒಂದು ಮಾತು. ಕಡುಗೆಂಪು, ಕಡುನೀಲಿ ಹತ್ತಿ ದಾರ ಬಣ್ಣ ಬಿಡಬಹುದು. ಬಿಳಿ ಹೊಟ್ಟೆಯ ಕೆಂಪು ನರಿ ಮಾಡುವ ಮೊದಲು ಕೆಂಪು ದಾರದ ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ನಾನು ನೋಡಿರಲಿಲ್ಲ. ಮೊದಲ ತೊಳೆತಕ್ಕೇ ನನ್ನ ನರಿಯ ಹೊಟ್ಟೆ ಗುಲಾಬಿ ಆಯಿತು.

ಅಕ್ರಿಲಿಕ್

ಕ್ರೋಶದ ಮಂದಿಯಲ್ಲಿ ಅಕ್ರಿಲಿಕ್ ಅಂದರೆ ಮೂಗು ಮುರಿಯುವವರು ಇದ್ದಾರೆ. ನಾನು ಆ ಗುಂಪಿನವಳಲ್ಲ. 1950ರಿಂದ ಮಾರುಕಟ್ಟೆಗೆ ಬಂದ ಈ ನೂಲು ಉಣ್ಣೆಯ ಜಾಗ ತುಂಬಲೆಂದೇ ಹುಟ್ಟಿದ್ದು. ಹಗುರ, ಬೆಚ್ಚಗೆ, ಅಗ್ಗ, ನುಸಿ ಮುಟ್ಟುವುದಿಲ್ಲ. ನೀರು ಹೀರುವುದಿಲ್ಲ, ಹಾಗಾಗಿ ತೊಳೆದರೆ ಬೇಗ ಒಣಗುತ್ತದೆ. ಬೇಕಾದ ಬಣ್ಣವೆಲ್ಲ ಸಿಗುತ್ತದೆ. ಸ್ವಲ್ಪ ಹಿಗ್ಗುತ್ತದೆ, ಅದಕ್ಕೇ ಕೈ ನೋಯುವುದಿಲ್ಲ. ಹತ್ತು ಸಲ ಬಿಚ್ಚಿದರೂ ಹನ್ನೊಂದನೇ ಸಲ ಹೆಣೆಸಿಕೊಳ್ಳುತ್ತದೆ. ಕಲಿಯುವವರಿಗೆ ಇನ್ನೇನು ಬೇಕು?

ತೊಂದರೆ ಏನಪ್ಪಾ ಅಂದರೆ, ಅಕ್ರಿಲಿಕ್ ಅನ್ನುವ ಒಂದೇ ಹೆಸರಿನ ಕೆಳಗೆ ಹತ್ತು ಬಗೆ ಇವೆ. ಒಂದು ಬೆಣ್ಣೆ ಹಾಗಿದ್ದರೆ ಇನ್ನೊಂದು ಕಡ್ಡಿಯ ಮೇಲೆ ಕಿರ್ ಕಿರ್ ಅನ್ನುತ್ತದೆ. ಕೊಳ್ಳುವ ಮೊದಲು ಉಂಡೆಯನ್ನು ಕುತ್ತಿಗೆಗೆ ಒತ್ತಿ ನೋಡಿ. ಅಂಗೈಗೆ ಗೊತ್ತಾಗದ ಒರಟು ಕುತ್ತಿಗೆಗೆ ಗೊತ್ತಾಗುತ್ತದೆ. ಎರಡು ಬೆರಳಲ್ಲಿ ಒಂದು ನಿಮಿಷ ಉಜ್ಜಿಯೂ ನೋಡಿ. ಆಗಲೇ ನೂಲು ಎದ್ದು ಗುಂಡಾಗಲು ಶುರುವಾದರೆ, ಮಗುವಿನ ಕೈಯಲ್ಲಿ ಕೆಲವೇ ವಾರದಲ್ಲಿ ಗೊಂಬೆ ಹಳತಾದಂತೆ ಕಾಣುತ್ತದೆ.

ಹಿಗ್ಗುವ ಗುಣದಿಂದ ಇನ್ನೊಂದು ಕಷ್ಟ ಇದೆ. ಜಾಸ್ತಿ ತುಂಬಿದರೆ ಸ್ಟಿಚ್‌ಗಳ ನಡುವೆ ಬಾಯಿ ಬಿಡುತ್ತದೆ. ದಾರ ಕಡು ಬಣ್ಣದ್ದಾಗಿದ್ದರೆ ಒಳಗಿನ ಬಿಳಿ ಚುಕ್ಕೆ ಚುಕ್ಕೆಯಾಗಿ ಎದ್ದು ಕಾಣುತ್ತದೆ. ಕಡ್ಡಿ ಇನ್ನೊಂದು ಅಳತೆ ಇಳಿಸಿದರೆ ಸರಿಹೋಗುತ್ತದೆ. ಇಸ್ತ್ರಿಯನ್ನಂತೂ ಹತ್ತಿರ ತರಬೇಡಿ. ಅಕ್ರಿಲಿಕ್ ಬಿಸಿಗೆ ಮೆತ್ತಗಾಗಿ ಜೋತುಬಿದ್ದರೆ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ.

ಮಿಲ್ಕ್ ಕಾಟನ್ ಮತ್ತು ಬೆರಕೆ ದಾರಗಳು

ಹತ್ತಿ ಮತ್ತು ಅಕ್ರಿಲಿಕ್ ಎರಡನ್ನೂ ಸೇರಿಸಿ ಹೊಸೆದ ದಾರ ಇಬ್ಬರ ಒಳ್ಳೆಯ ಗುಣವನ್ನೂ ಒಂದಿಷ್ಟು ತರುತ್ತದೆ. ಹತ್ತಿಯಷ್ಟು ಗಡುಸಿಲ್ಲ, ಬರೀ ಅಕ್ರಿಲಿಕ್‌ನಷ್ಟು ಬೇಗ ಗುಂಡೇಳುವುದಿಲ್ಲ. ಈ ಗುಂಪಿನಲ್ಲಿ ಈಗ ಹೆಚ್ಚು ಓಡುವುದು ಮಿಲ್ಕ್ ಕಾಟನ್. ಹೆಸರು ಕೇಳಿ ಹಾಲಿಗೂ ದಾರಕ್ಕೂ ಏನು ಸಂಬಂಧ ಅನ್ನಿಸುತ್ತದೆ, ಅಲ್ವಾ? ಹಾಲಿನ ಪ್ರೋಟೀನಿನಿಂದ ನೂಲು ತೆಗೆಯುವುದು ನಿಜವಾಗಿಯೂ ಇದೆ. 1930ರ ದಶಕದಲ್ಲೇ ಇಟಲಿಯಲ್ಲಿ ಲಾನಿಟಾಲ್ ಎಂಬ ಹೆಸರಲ್ಲಿ ಅಂಥ ನೂಲು ತಯಾರಾಗುತ್ತಿತ್ತು. ಆದರೆ ಇಂದು ಮಿಲ್ಕ್ ಕಾಟನ್ ಎಂದು ಮಾರುವ ಎಲ್ಲದರಲ್ಲೂ ಹಾಲಿನ ನೂಲು ಇರಲೇಬೇಕೆಂದಿಲ್ಲ. ಕೆಲವದರಲ್ಲಿ ಅಕ್ರಿಲಿಕ್ಕೇ ಅರ್ಧಕ್ಕಿಂತ ಹೆಚ್ಚು. ಅದರಿಂದ ಗೊಂಬೆಗೇನೂ ನಷ್ಟವಿಲ್ಲ. ಹತ್ತಿ ಅಂದುಕೊಂಡು ಹತ್ತಿಯ ಬೆಲೆ ಕೊಡಬೇಡಿ, ಅಷ್ಟೆ.

ಹೆಣೆಯಲು ಇದು ತುಂಬಾ ಹಿತ. ಮೃದು, ಸ್ಟಿಚ್ ಕಾಣುತ್ತದೆ, ಬಿಚ್ಚಿಸಿಕೊಳ್ಳುತ್ತದೆ, ಬಣ್ಣಗಳೂ ಕಣ್ಣಿಗೆ ತಂಪು. ಒಂದು ದೂರು ಮಾತ್ರ ಇದೆ. ಐದಾರು ಎಳೆಗಳನ್ನು ಸಡಿಲವಾಗಿ ಹೊಸೆದಿರುವುದರಿಂದ ಕಡ್ಡಿ ಎರಡು ಎಳೆ ಬಿಟ್ಟು ಮೂರನ್ನು ಹಿಡಿಯುತ್ತದೆ. ಮೊದಲ ದಿನ ಸಿಟ್ಟು ಬರುತ್ತದೆ, ಮೂರನೇ ದಿನಕ್ಕೆ ಕೈ ಹೊಂದಿಕೊಳ್ಳುತ್ತದೆ.

ಮೊದಲ ಗೊಂಬೆಗೆ ಒಂದೇ ದಾರ ಹೇಳಿ ಅಂತ ಹಟ ಹಿಡಿದರೆ ನಾನು ಇದನ್ನೇ ಹೇಳುತ್ತೇನೆ. ತಿಳಿ ಬಣ್ಣದ್ದು, ಎರಡೂವರೆಯಿಂದ ಮೂರು ಮಿ.ಮೀ. ಕಡ್ಡಿ.

ವೆಲ್ವೆಟ್, ಅಂದರೆ ಶೆನಿಲ್

ಈಗ ನೀವು ಕಾಯುತ್ತಿದ್ದ ದಾರಕ್ಕೆ ಬರೋಣ.

ವೆಲ್ವೆಟ್ ದಾರ ಹೇಗೆ ಆಗಿದೆ ಅಂತ ತಿಳಿದುಕೊಂಡರೆ ಅದರ ಒಳ್ಳೆಯದು ಕೆಟ್ಟದ್ದು ಎರಡೂ ಅರ್ಥವಾಗುತ್ತವೆ. ನಡುವೆ ಸಣ್ಣ ಎಳೆಗಳು ಇರುತ್ತವೆ. ಅವುಗಳ ನಡುವೆ ಪಾಲಿಯೆಸ್ಟರಿನ ಪುಟ್ಟ ಪುಟ್ಟ ರೋಮಗಳನ್ನು ಸಿಕ್ಕಿಸಿ ಹೊಸೆದಿರುತ್ತಾರೆ. ಅಂದರೆ ಕೈಗೆ ದಪ್ಪ ಅನ್ನಿಸುವುದೆಲ್ಲ ತುಪ್ಪಳ. ನಿಜವಾಗಿ ಎಳೆತ ತಡೆಯುವುದು ಒಳಗಿನ ಆ ಬಡಪಾಯಿ ಎಳೆ.

ಇದರಿಂದ ಆಗುವ ಒಳ್ಳೆಯದು ನೋಡಿ. ತುಪ್ಪಳ ಎಲ್ಲ ಸಂದಿಯನ್ನೂ ಮುಚ್ಚುತ್ತದೆ, ಫೈಬರ್ ಇಣುಕುವ ಪ್ರಶ್ನೆಯೇ ಇಲ್ಲ. ಸ್ಟಿಚ್ ಒಂದೆರಡು ಆಚೀಚೆ ಆದರೂ ಯಾರಿಗೂ ಕಾಣುವುದಿಲ್ಲ. ದಪ್ಪ ಇರುವುದರಿಂದ ಕೆಲಸ ಬೇಗ ಸಾಗುತ್ತದೆ. ಮುಗಿದ ಗೊಂಬೆಯನ್ನು ಕೈಗೆ ಕೊಟ್ಟರೆ ಮಕ್ಕಳಿರಲಿ, ದೊಡ್ಡವರೂ ಕೆನ್ನೆಗೆ ಒತ್ತಿಕೊಳ್ಳುತ್ತಾರೆ. ಈ ಸುಖ ಹತ್ತಿ ಗೊಂಬೆಯಲ್ಲಿ ಇಲ್ಲ, ಒಪ್ಪಲೇಬೇಕು. ಅಪ್ಪಿಕೊಂಡು ಮಲಗುವ ದೊಡ್ಡ ಕರಡಿಗೆ ಇದಕ್ಕಿಂತ ಒಳ್ಳೆಯ ದಾರ ನನಗೆ ಗೊತ್ತಿಲ್ಲ.

ಆದರೆ ಹೆಣೆಯುವಾಗ ಸ್ಟಿಚ್ ಕಾಣುವುದಿಲ್ಲ. ತಿಳಿ ಬಣ್ಣದಲ್ಲೂ ಕಾಣುವುದಿಲ್ಲ, ಕಪ್ಪಿನಲ್ಲಂತೂ ಕೇಳಲೇ ಬೇಡಿ. ಹೆಬ್ಬೆರಳಿನಿಂದ ತಡವಿ, ಸ್ಟಿಚ್ಚಿನ ತಲೆ ಎಲ್ಲಿದೆ ಅಂತ ಹುಡುಕಿ ಕಡ್ಡಿ ತೂರಿಸಬೇಕು. ಸಾವಿರಾರು ಸ್ಟಿಚ್ ಹಾಕಿ ಅಭ್ಯಾಸವಾದ ಬೆರಳಿಗೆ ಇದು ಸುಲಭ. ಸ್ಟಿಚ್ಚಿನ ತಲೆ ಹೇಗಿರುತ್ತದೆ ಅಂತಲೇ ಇನ್ನೂ ಗೊತ್ತಿಲ್ಲದವರು ಏನನ್ನು ತಡವುತ್ತಾರೆ? ಪ್ರತಿ ಸುತ್ತಿನ ಮೊದಲ ಸ್ಟಿಚ್ಚಿಗೆ ಮಾರ್ಕರ್ (ಗುರುತಿನ ಪಿನ್ನು) ಹಾಕುವುದು ಬೇರೆ ದಾರದಲ್ಲಿ ಒಳ್ಳೆಯ ಅಭ್ಯಾಸ, ಇದರಲ್ಲಿ ಅದಿಲ್ಲದೆ ನಡೆಯುವುದೇ ಇಲ್ಲ.

ಮ್ಯಾಜಿಕ್ ರಿಂಗ್ ಎಳೆದು ಮುಚ್ಚುವಾಗ ಒಳಗಿನ ಎಳೆ ಪಟ್ ಅಂತ ಹರಿಯುವುದೂ ಉಂಟು. ಅದಕ್ಕೆ ಇದರಲ್ಲಿ ಎರಡು ಚೈನ್ (ಸರಪಳಿ ಕುಣಿಕೆ) ಹಾಕಿ, ಕಡ್ಡಿಯಿಂದ ಎರಡನೆಯದರಲ್ಲಿ 6 ಸಿಂಗಲ್ ಕ್ರೋಶ ಹಾಕಿ ಶುರುಮಾಡುವುದು ಕ್ಷೇಮ. ನಡುವೆ ಉಳಿಯುವ ಸಣ್ಣ ತೂತನ್ನು ತುಪ್ಪಳ ಮುಚ್ಚುತ್ತದೆ. ತಪ್ಪಾಗಿ ಬಿಚ್ಚಿದರೆ ರೋಮ ಉದುರುತ್ತದೆ. ಎರಡು ಮೂರು ಸಲ ಬಿಚ್ಚಿದ ಜಾಗದಲ್ಲಿ ದಾರ ಬೋಳಾಗಿ, ನಡುವಿನ ಎಳೆ ಮಾತ್ರ ಕಾಣುತ್ತದೆ. ಕತ್ತರಿಸಿದ ತುದಿಯಿಂದಲೂ ರೋಮ ಉದುರಿ ಬಟ್ಟೆಗೆಲ್ಲ ಅಂಟುತ್ತದೆ. ಕೈಕಾಲು ಜೋಡಿಸಿ ಹೊಲಿಯುವಾಗ ಈ ದಾರವನ್ನೇ ಸೂಜಿಗೆ ಹಾಕಿದರೆ ಬಟ್ಟೆಯೊಳಗೆ ಎಳೆದೆಳೆದು ಅದೂ ಬೋಳಾಗುತ್ತದೆ. ಹೊಲಿಗೆಗೆ ಅದೇ ಬಣ್ಣದ ಸಣ್ಣ ಅಕ್ರಿಲಿಕ್ ದಾರ ಇಟ್ಟುಕೊಳ್ಳಿ, ತುಪ್ಪಳದಲ್ಲಿ ಮುಚ್ಚಿಹೋಗುತ್ತದೆ.

ಮುಖದ ಕೆಲಸಕ್ಕೂ ಇದು ಸಹಕರಿಸುವುದಿಲ್ಲ. ಕಸೂತಿ ಎಳೆ ತುಪ್ಪಳದಲ್ಲಿ ಮುಳುಗುತ್ತದೆ. ಮೂತಿಯ ಭಾಗವನ್ನು ಹತ್ತಿ ಅಥವಾ ಮಿಲ್ಕ್ ಕಾಟನ್‌ನಲ್ಲಿ ಬೇರೆಯಾಗಿ ಹೆಣೆದು ಅಂಟಿಸಿದ ಹಾಗೆ ಹೊಲಿದರೆ ಚೆನ್ನ.

ಹಾಗಾದರೆ ಯಾವಾಗ ಹಿಡಿಯುವುದು? ಬೇರೆ ದಾರದಲ್ಲಿ ಮೂರು ನಾಲ್ಕು ಗೊಂಬೆ ಮುಗಿಸಿದ ಮೇಲೆ. ಅಷ್ಟು ತಡೆಯಲು ಆಗುವುದಿಲ್ಲ ಅನ್ನುವವರು ಕೆನೆ ಬಣ್ಣದ್ದು ತೆಗೆದುಕೊಳ್ಳಿ. ಮೊಲ, ಕರಡಿ ಬೇಡ, ತಿಮಿಂಗಿಲ ಮಾಡಿ. ಒಂದೇ ಮುದ್ದೆ ದೇಹ, ಎರಡು ಈಜುರೆಕ್ಕೆ, ಒಂದು ಬಾಲ. ಜೋಡಿಸುವ ಕೆಲಸವೇ ಕಡಿಮೆ.

ಉಣ್ಣೆ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯಾಕೆಂದರೆ ಗೊಂಬೆಗೆ ಇದು ಬೇಕಾಗುವವರು ಕಡಿಮೆ. ನಿಜವಾದ ಉಣ್ಣೆ ಹೆಣೆಯಲು ಹಬ್ಬ. ಕಡ್ಡಿಗೆ ಬಗ್ಗುತ್ತದೆ, ಮತ್ತೆ ತನ್ನ ಜಾಗಕ್ಕೆ ಮರಳುತ್ತದೆ. ಆದರೆ ಬಿಸಿನೀರಿಗೆ ಹಾಕಿ ಉಜ್ಜಿದರೆ ಎಳೆಯ ಮೇಲಿನ, ಮೀನಿನ ಮೈಮೇಲಿರುವಂಥ ಸಣ್ಣ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡು ಗೊಂಬೆ ಕುಗ್ಗಿ ಗಟ್ಟಿಯಾಗುತ್ತದೆ. ಸೂಪರ್‌ವಾಶ್ ಅಂತ ಬರೆದಿರುವುದಕ್ಕೆ ಈ ಭಯ ಕಡಿಮೆ. ಕೆಲವರಿಗೆ ಉಣ್ಣೆ ಚುಚ್ಚುತ್ತದೆ, ನುಸಿಗೆ ಇಷ್ಟ, ಬೆಲೆಯೂ ಜಾಸ್ತಿ. ಶೆಲ್ಫಿನ ಮೇಲೆ ಕೂರುವ ಕುರಿಮರಿ ಮಾಡುವುದಾದರೆ ಮಾತ್ರ ಇದಕ್ಕೆ ಕೈ ಹಾಕುತ್ತೇನೆ. ಕುರಿಮರಿಗೆ ಉಣ್ಣೆ ಅಲ್ಲದೆ ಇನ್ನೇನು!

ಯಾರಿಗೆ ಯಾವುದು

ಒಂದು ವರ್ಷದೊಳಗಿನ ಮಗುವಿಗೆ ಅಂತಾದರೆ ಬಿಗಿಯಾಗಿ ಹೆಣೆದ ಹತ್ತಿ. ಅದು ಸೀದಾ ಬಾಯಿಗೇ ಹೋಗುತ್ತದೆ, ರೋಮ ಉದುರುವ ವೆಲ್ವೆಟ್ ಇಲ್ಲಿ ಬೇಡವೇ ಬೇಡ. ಈ ವಯಸ್ಸಿನ ಮಗು ಮಲಗುವ ಜಾಗದಲ್ಲಿ ಯಾವ ಮೆತ್ತನೆ ಗೊಂಬೆಯನ್ನೂ ಇಡಬಾರದು ಅಂತ ಮಕ್ಕಳ ವೈದ್ಯರು ಹೇಳುತ್ತಾರೆ. ಎಚ್ಚರ ಇರುವಾಗ, ದೊಡ್ಡವರು ಪಕ್ಕದಲ್ಲಿ ಇರುವಾಗ ಮಾತ್ರ ಕೊಡಿ.

ಇದೇ ಜಾಗದಲ್ಲಿ ಕಣ್ಣಿನ ಮಾತು ಬರುತ್ತದೆ. ಸೇಫ್ಟಿ ಐ ಅಂತ ಸಿಗುವ ಪ್ಲಾಸ್ಟಿಕ್ ಕಣ್ಣುಗಳ ಹೆಸರು ನೋಡಿ ಮೋಸ ಹೋಗಬೇಡಿ. ಮೂರು ವರ್ಷದೊಳಗಿನ ಮಕ್ಕಳಿಗೆ ಅವು ಸೇಫ್ ಅಲ್ಲ. ಅಂಥ ಗೊಂಬೆಗೆ ಕಸೂತಿ ಕಣ್ಣೇ ಸರಿ. ದೊಡ್ಡ ಮಕ್ಕಳ ಗೊಂಬೆಗೆ ಹಾಕುವಾಗಲೂ ದಾರ ನೋಡಿಕೊಳ್ಳಿ. ದಪ್ಪ ದಾರದ ಸಡಿಲ ಹೆಣಿಗೆಯಲ್ಲಿ, ಕಣ್ಣನ್ನು ಒಳಗಿನಿಂದ ಹಿಡಿದಿಡುವ ಹಿಂದಿನ ಬಿಲ್ಲೆ ಸಂದಿಯಿಂದ ನುಸುಳಿ, ಕಣ್ಣು ಪೂರ್ತಿ ಹೊರಬರಬಹುದು. ವೆಲ್ವೆಟ್ ದಾರಕ್ಕೆ ದೊಡ್ಡ ಬಿಲ್ಲೆ ಇರುವ 12 ಮಿ.ಮೀ.ಗಿಂತ ಹೆಚ್ಚಿನ ಕಣ್ಣು, 3ನೇ ನಂಬರ್ ದಾರಕ್ಕೆ 6ರಿಂದ 8 ಮಿ.ಮೀ.ಯದು ಒಪ್ಪುತ್ತದೆ. ತಲೆ ಮುಚ್ಚುವ ಮೊದಲೇ ಹಾಕಬೇಕು. ಮುಚ್ಚಿದ ಮೇಲೆ ನೆನಪಾದರೆ ಬಿಚ್ಚುವುದೊಂದೇ ದಾರಿ.

ಓಡಾಡುವ, ಎಲ್ಲೆಂದರಲ್ಲಿ ಗೊಂಬೆ ಎಳೆದುಕೊಂಡು ಹೋಗುವ ಮಕ್ಕಳಿಗೆ ಮಿಲ್ಕ್ ಕಾಟನ್ ಅಥವಾ ಒಳ್ಳೆಯ ಅಕ್ರಿಲಿಕ್. ವಾರಕ್ಕೊಮ್ಮೆ ತೊಳೆಯಬೇಕಾಗುತ್ತದೆ, ಬೇಗ ಒಣಗಲೂಬೇಕು, ಯಾಕೆಂದರೆ ಆ ಗೊಂಬೆ ಇಲ್ಲದೆ ಅವರು ಮಲಗುವುದಿಲ್ಲ. ಒಳಗೂ ಪಾಲಿಯೆಸ್ಟರ್ ಫೈಬರ್ರೇ ತುಂಬಿ. ಹತ್ತಿ ತುಂಬಿದರೆ ನೀರಲ್ಲಿ ಗಂಟುಕಟ್ಟುತ್ತದೆ, ಒಣಗಲು ದಿನಗಟ್ಟಲೆ ಹಿಡಿಯುತ್ತದೆ. ಉಳಿದ ದಾರದ ತುಂಡು ತುಂಬಿದರೆ ಮೈ ತುಂಬಾ ಉಬ್ಬುತಗ್ಗು ಕಾಣುತ್ತದೆ.

ಮಾರುವುದಕ್ಕೆ ಅಂತ ಮಾಡುವವರ ಲೆಕ್ಕ ಬೇರೆ. ದೊಡ್ಡ ಗೊಂಬೆಗೆ ವೆಲ್ವೆಟ್ ಒಳ್ಳೆಯದು, ಗಂಟೆಗಳು ಉಳಿಯುತ್ತವೆ, ಕೊಳ್ಳುವವರು ಮುಟ್ಟಿದ ತಕ್ಷಣ ಸೋಲುತ್ತಾರೆ. ಆದರೆ ಹೆಚ್ಚುವರಿ ದಾರ ಮತ್ತು ಫೈಬರ್ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಸುಮ್ನೆ ದುಡಿದ ಹಾಗೆ ಆಗುತ್ತದೆ. ಪುಟ್ಟ, ನಾಜೂಕಿನ ಗೊಂಬೆಗಳಾದರೆ ಮರ್ಸಿರೈಸ್ಡ್ ಹತ್ತಿ. ಅದರಲ್ಲಿ ದಾರಕ್ಕಿಂತ ನಿಮ್ಮ ಸಮಯದ ಬೆಲೆಯೇ ದೊಡ್ಡದು.

ಬೆರಳು, ಮಣಿಕಟ್ಟಿನ ನೋವು ಇರುವವರು ಹತ್ತಿ ಮತ್ತು ಸಣ್ಣ ಕಡ್ಡಿ ಎರಡನ್ನೂ ಬಿಡಿ. 4ನೇ ನಂಬರ್ ಅಕ್ರಿಲಿಕ್, ರಬ್ಬರ್ ಹಿಡಿ ಇರುವ ಮೂರೂವರೆ ಮಿ.ಮೀ. ಕಡ್ಡಿ ತೆಗೆದುಕೊಳ್ಳಿ. ಕೈ ಬಿಗಿ ತೀರಾ ಕಡಿಮೆ ಇರುವವರಿಗೆ ಇದಕ್ಕೆ ಉಲ್ಟಾ, ಹತ್ತಿ ದಾರವೇ ಅವರ ಸಡಿಲ ಕೈಯನ್ನು ಸರಿಮಾಡುತ್ತದೆ.

ಖರ್ಚು ಮಾಡುವ ಹಾಗಿಲ್ಲ ಅನ್ನುವವರು ಮನೆಯಲ್ಲಿ ಉಳಿದಿರುವ ದಾರ ನೋಡಿ. ಸಣ್ಣ ದಾರವಾದರೆ ಎರಡು ಎಳೆ ಜೋಡಿಸಿ ಹಿಡಿದರೆ ದಪ್ಪ ಸರಿಹೋಗುತ್ತದೆ. ಗೊಂಬೆಯ ಕಾಲಿಗೊಂದು ಬಣ್ಣ, ಕೈಗೊಂದು ಬಣ್ಣ ಬಂದರೂ ಚೆಂದವೇ. ದಪ್ಪ ಮಾತ್ರ ಎಲ್ಲಕ್ಕೂ ಒಂದೇ ಇರಲಿ, ಇಲ್ಲದಿದ್ದರೆ ಎಡಗಾಲು ಬಲಗಾಲಿಗಿಂತ ಉದ್ದ ಬರುತ್ತದೆ.

ಇಷ್ಟು ಓದಿದರೂ ಎರಡು ದಾರದ ನಡುವೆ ಮನಸ್ಸು ತೂಗಾಡುತ್ತಿದ್ದರೆ, ಎರಡರಲ್ಲೂ ಒಂದೊಂದು ಚೆಂಡು ಹೆಣೆಯಿರಿ. 6ರಿಂದ ಶುರುಮಾಡಿ ಆರು ಸುತ್ತಿಗೆ 36ಕ್ಕೆ ಹೋಗಿ. ಆಮೇಲೆ ಆರು ಸುತ್ತು ಹಾಗೇ 36. ಮತ್ತೆ 30, 24, 18, 12, 6 ಅಂತ ಇಳಿಸಿ. ಒಟ್ಟು 17 ಸುತ್ತು, 432 ಸ್ಟಿಚ್. ಕೊನೆಯ ಸುತ್ತುಗಳ ಮೊದಲು ಫೈಬರ್ ತುಂಬಲು ಮರೆಯಬೇಡಿ. ಬೇಕಂತಲೇ ಒಂದು ಸುತ್ತು ಬಿಚ್ಚಿ ಮತ್ತೆ ಹಾಕಿ. ಮುಗಿದ ಮೇಲೆ ತೊಳೆದು ಒಣಗಿಸಿ, ಎರಡು ದಿನ ಬ್ಯಾಗಿನಲ್ಲಿ ಹಾಕಿಕೊಂಡು ಓಡಾಡಿ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಗೆದ್ದ ಚೆಂಡನ್ನು ಎಸೆಯಬೇಡಿ. ಎರಡು ಉದ್ದ ಕಿವಿ ಹೊಲಿದು, ಕಣ್ಣು ಕಸೂತಿ ಹಾಕಿದರೆ ಮೊಲದ ತಲೆ ಆಗಲೇ ಆಯಿತು.